ಚಂದ್ರನ ಅದಿರಿಗೆ ಹಾಲಿನ ಟ್ಯಾಂಕರ್ ಬುದ್ಧಿ

2023ರಲ್ಲಿ ನಾನು ದೇವನಹಳ್ಳಿಯ ಪುಟ್ಟ ಗೇಮ್ ಕಂಪನಿಯೊಂದರಲ್ಲಿ ‘ಟ್ಯಾಂಕ್ ಸಲಹೆಗಾರ’ನಾಗಿದ್ದೆ. ನಗಬೇಡಿ, ಹುದ್ದೆಯ ಹೆಸರೇ ಹಾಗಿತ್ತು. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಹಾಲಿನ ಟ್ಯಾಂಕರ್‌ಗಳ ನಿರ್ವಹಣೆ ನೋಡಿಕೊಂಡು ನಿವೃತ್ತನಾಗಿ, ಸಮೇತನಹಳ್ಳಿಯ ಮನೆಯಲ್ಲಿ ಹೆಂಡತಿ ಮಾಡಿದ ಸಾರಿನಲ್ಲಿ ತಪ್ಪು ಹುಡುಕುತ್ತ ಕುಳಿತಿದ್ದೆ. ಕಂಪನಿಯ ಮುಖ್ಯಸ್ಥ ನರೇಶ್ ‘ನಿಜವಾದ ಟ್ಯಾಂಕ್ ಕಂಡವರೊಬ್ಬರು ಬೇಕು’ ಎಂದು ಕರೆದಾಗ ನನಗಿಂತ ಹೆಚ್ಚು ಖುಷಿಪಟ್ಟವಳು ಅವಳೇ.

ಅವರು ಕಟ್ಟುತ್ತಿದ್ದುದು ಬಾಹ್ಯಾಕಾಶ ಯಾನದ ಸಿಮ್ಯುಲೇಶನ್ ಗೇಮ್. ಆಡುವವರು ಚಂದ್ರನಲ್ಲಿ ಮಂಜುಗಡ್ಡೆ ಬೆರೆತ ಅದಿರನ್ನು ಅಗೆದು, ನೌಕೆಯ ಟ್ಯಾಂಕ್‌ಗಳಿಗೆ ತುಂಬಿಕೊಂಡು ಇನ್ನೊಂದು ನೆಲೆಗೆ ಹಾರಬೇಕು. ದಾರಿಯಲ್ಲೇ ಅದಿರು ಇಂಧನವಾಗುತ್ತ, ಟ್ಯಾಂಕ್ ಖಾಲಿಯಾಗುತ್ತ ಬರುತ್ತದೆ. ಗಣಿಯ ಈ ಭಾಗವನ್ನೆಲ್ಲ ಎರಡು ವರ್ಷದಿಂದ ಒಬ್ಬಳೇ ಕಟ್ಟಿದವಳು ವಿಜಯಪುರದ ರೂಪಾ. ಕೆಲಸದಲ್ಲಿ ಬಲು ಚುರುಕು, ಮಾತಿನಲ್ಲಿ ಮಾತ್ರ ಜಿಪುಣಿ. ಮೊದಲ ವಾರದಲ್ಲೇ ಅವಳ ಮೇಲೆ ನನಗೆ ಮಗಳ ಮೇಲಿನಷ್ಟು ಅಕ್ಕರೆ ಹುಟ್ಟಿತು.

ನಾನು ಉತ್ಸಾಹದಿಂದ ಬಾಯಿಬಿಟ್ಟೆ. ಒಂದೇ ದೊಡ್ಡ ಟ್ಯಾಂಕ್ ಬೇಡ, ಸಾಲಾಗಿ ಮೂರು ಕಂಪಾರ್ಟ್‌ಮೆಂಟ್ ಮಾಡು ಎಂದೆ. ಖಾಲಿ ಮಾಡುವಾಗ ಯಾವಾಗಲೂ ಹಿಂದಿನದ್ದು ಮೊದಲು ಎಂದೂ ಹೇಳಿದೆ. ಟ್ಯಾಂಕರ್‌ನಲ್ಲಿ ಮುಂದಿನದ್ದು ಮೊದಲು ಖಾಲಿಯಾದರೆ ಮುಂಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ನಮ್ಮ ಡ್ರೈವರ್‌ಗಳಿಗೆ ಇದು ವೇದವಾಕ್ಯ. ರೂಪಾ ಒಂದು ಕ್ಷಣ ನನ್ನನ್ನೇ ನೋಡಿ, “ಸರಿ ಸರ್” ಅಂದಳು.

ಅಲ್ಲಿಂದ ಶುರುವಾಯಿತು ಗ್ರಹಚಾರ. ನೌಕೆ ಚೆನ್ನಾಗಿ ಹಾರುವುದು, ನೆಲ ಮುಟ್ಟಿದೊಡನೆ ಪಕ್ಕಕ್ಕೆ ದೊಪ್ಪನೆ ಉರುಳುವುದು. ನೌಕೆಯ ಕಾಲುಗಳನ್ನು ಅಗಲ ಮಾಡಿದರೂ ಬಿತ್ತು, ವೇಗ ತಗ್ಗಿಸಿದರೂ ಬಿತ್ತು. ರೂಪಾ ತನ್ನ ಲೆಕ್ಕವನ್ನು ಮೂರು ಸಲ ಅಳಿಸಿ ಬರೆದಳು. ಮೂರನೆಯ ವಾರ ನರೇಶ್ ಬೇಸತ್ತು ಹೇಳಿಯೇಬಿಟ್ಟ: “ಶುಕ್ರವಾರದೊಳಗೆ ನೆಟ್ಟಗೆ ಇಳೀದಿದ್ರೆ ಮೈನಿಂಗ್ ತೆಗ್ದಾಕ್ಬಿಡೋಣ ರೂಪಾ. ಹಾರಾಟ ಒಂದಿದ್ರೆ ಸಾಕು.”

ಎರಡು ವರ್ಷದ ದುಡಿಮೆ ಹೋಗುವುದರಲ್ಲಿತ್ತು. ಅವಳ ಮುಖ ನೋಡಲಾಗಲಿಲ್ಲ ನನಗೆ.

ಗುರುವಾರ ಬೆಳಿಗ್ಗೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು, “ಇಳಿಯೋವಾಗ ಮೂರೂ ಟ್ಯಾಂಕ್‌ನಲ್ಲಿ ಎಷ್ಟೆಷ್ಟಿದೆ ತೋರ್ಸಮ್ಮ” ಎಂದೆ. ತೋರಿಸಿದಳು. ಕೆಳಗಿನದ್ದು ಖಾಲಿ, ನಡುವಿನದ್ದು ಅರ್ಧ, ಮೇಲಿನದ್ದು ಭರ್ತಿ. ಲಾರಿ ಮಲಗಿ ಓಡುತ್ತದೆ, ನೌಕೆ ನಿಂತು ಇಳಿಯುತ್ತದೆ. ನಾನು ‘ಹಿಂದಿನದ್ದು’ ಎಂದದ್ದು ಅಲ್ಲಿ ಬುಡ. ಬುಡ ಬರಿದಾಗಿ ತಲೆ ಭಾರವಾದ ಮೇಲೆ ಬೀಳದೆ ಇನ್ನೇನು?

ಸದ್ದಿಲ್ಲದೆ ಕ್ರಮ ತಿರುಗಿಸಿಬಿಡು ಎಂದರೆ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗನಿಸಿದ್ದೂ ಉಂಟು. ಆದರೆ ಮೂರು ವಾರ ಬೈಗುಳ ತಿಂದವಳು ಅವಳು. ನರೇಶನನ್ನು ಕರೆದು, ಎಲ್ಲರ ಮುಂದೆಯೇ, “ತಪ್ಪು ಈ ಹುಡುಗಿದಲ್ಲ ಕಣಪ್ಪಾ, ನಂದು” ಎಂದು ವಿವರಿಸಿದೆ. ಮೇಲಿನ ಟ್ಯಾಂಕ್ ಮೊದಲು ಖಾಲಿಯಾಗುವಂತೆ ಬದಲಿಸಲು ರೂಪಾಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ನೌಕೆ ಇಳಿಯಿತು, ಸ್ವಲ್ಪ ತೂಗಾಡಿತು, ನಿಂತಿತು. ಎಲ್ಲರೂ ಹೋ ಎಂದು ಕೂಗಿದರು. ಗಣಿ ಉಳಿಯಿತು.

ಗದ್ದಲ ತಣ್ಣಗಾದ ಮೇಲೆ ರೂಪಾ ಮೆಲ್ಲಗೆ ಅಂದಳು: “ನಂಗೆ ಆವತ್ತೇ ಅನುಮಾನ ಬಂದಿತ್ತು ಸರ್. ದೊಡ್ಡೋರು, ಅಷ್ಟು ವರ್ಷ ಕೆಲ್ಸ ಮಾಡಿರೋರು, ಎದುರು ಹೇಗೆ ಮಾತಾಡೋದು ಅಂತ ಸುಮ್ನಾಗ್ಬಿಟ್ಟೆ.”

ಅಂದಿನವರೆಗೂ ನನ್ನ ಮಾತಿಗೆ ಯಾರೂ ಎದುರಾಡದಿದ್ದುದನ್ನು ನನ್ನ ಅನುಭವಕ್ಕೆ ಸಿಕ್ಕ ಮರ್ಯಾದೆ ಎಂದುಕೊಂಡಿದ್ದೆ. ಈಗ ಸಲಹೆ ಕೇಳಿದವರು ತಕ್ಷಣ “ಸರಿ ಸರ್” ಎಂದರೆ ನನಗೆ ಭಯವಾಗುತ್ತದೆ.