ಹಸಿರು ನೀರು ಕಾಯುವ ಪಾಚಕ್ಕ

ಆಗಷ್ಟೇ ಬೆಳಕು ಹರಿದಿದೆ. ಕೋಲಿಗೆ ಕಟ್ಟಿದ ಬಿಳಿ ತಟ್ಟೆಯನ್ನು ಪಾಚಕ್ಕ ಸಿಮೆಂಟ್ ತೊಟ್ಟಿಯೊಳಗೆ ಇಳಿಸುತ್ತಾರೆ. ಗೇಣುದ್ದ ಇಳಿಯುವಷ್ಟರಲ್ಲಿ ತಟ್ಟೆ ಹಸಿರಿನಲ್ಲಿ ಮರೆಯಾದರೆ ನೀರಿನ ಹಸಿರು ದಟ್ಟವಾಗಿದೆ ಎಂದು ಲೆಕ್ಕ. ಮರೆಯಾಯಿತು. ಆದರೂ ಸಮಾಧಾನವಿಲ್ಲ, ಪಕ್ಕದ ತೊಟ್ಟಿಗೆ ಓಡುತ್ತಾರೆ. ಹನ್ನೆರಡು ತೊಟ್ಟಿ, ದಿನಕ್ಕೆ ನಾಲ್ಕು ಸುತ್ತು, ಹದಿನೆಂಟು ವರ್ಷ.

ಮೀನುಮರಿ ಸಾಕುವ ಈ ಕೇಂದ್ರದಲ್ಲಿ ಅವರ ಕೆಲಸ ಪಾಚಿ ಬೆಳೆಸುವುದು. ಅದಕ್ಕೇ ಆ ಹೆಸರು. "ಬಿಸಿಲು ಪಾಚಿಗೆ ಊಟ. ಪಾಚೀನ ನೀರಿನ ಹುಳು ತಿನ್ನುತ್ತೆ, ಹುಳೂನ ಮೀನುಮರಿ ತಿನ್ನುತ್ತೆ. ಒಂದು ಕೆಜಿ ಮರಿ ಬೆಳೀಬೇಕಾದ್ರೆ ಹತ್ತು ಕೆಜಿ ಹುಳು ಬೇಕು. ತಿಂದಿದ್ದೆಲ್ಲ ಮೈಗೆ ಹತ್ತಲ್ಲ ನೋಡಿ, ಓಡಾಟಕ್ಕೇ ಕರಗಿಹೋಗುತ್ತೆ. ನನ್ ಥರಾನೇ!" ಎಂದು ನಗುತ್ತಾರೆ. ನಗುವಾಗಲೂ ಕಣ್ಣು ಆಕಾಶದ ಮೇಲೆ.

ಮದುವೆಗೆ ಮುಂಚೆ ಬಟ್ಟೆ ಅಂಗಡಿಯಲ್ಲಿದ್ದರು. ಗಂಡ ತೀರಿಕೊಂಡ ವರ್ಷ ತೊಟ್ಟಿ ಉಜ್ಜಲು ಇಲ್ಲಿಗೆ ಬಂದರು. ಹಸಿರು ಯಾವಾಗ ತೆಳುವಾಗುತ್ತದೆ ಎಂಬುದನ್ನು ವಾಸನೆಯಲ್ಲೇ ಹಿಡಿಯುವುದನ್ನು ಯಾರೂ ಹೇಳಿಕೊಡಲಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಕಿಟಕಿಯ ಬೆಳಕು ಮಂಕಾದರೆ ತುತ್ತು ಅಲ್ಲೇ ನಿಲ್ಲುತ್ತದೆ. "ಅಮ್ಮಾ, ಮೋಡ ಕಣೇ, ಕಳ್ಳ ಅಲ್ಲ" ಎಂದು ಮಗಳು ರೇಗಿಸುತ್ತಾಳೆ.

ಹೋದ ವರ್ಷ ಒಮ್ಮೆ ಆರು ದಿನ ಕಳೆದರೂ ಸೂರ್ಯ ಮುಖ ತೋರಿಸಲಿಲ್ಲ. ತೊಟ್ಟಿಗಳ ಹಸಿರು ಬಿಳಿಚಿಕೊಳ್ಳತೊಡಗಿತು. ಇದ್ದಬದ್ದ ಪಾಚಿಯನ್ನೆಲ್ಲ ಹುಳುಗಳು ಮೇಯುತ್ತಿದ್ದವು. ಕೆಳಗಿನ ಕೊಳಗಳಲ್ಲಿ ಒಂದು ಲಕ್ಷ ಮರಿ ಬಾಯಿ ಬಿಡುತ್ತಿದ್ದವು. ಪಾಚಕ್ಕ ಮುಕ್ಕಾಲು ಪಾಲು ಹುಳುಗಳನ್ನು ಒಂದೇ ಸಲ ಸೋಸಿ ಮರಿಗಳಿಗೆ ಹಾಕಿಬಿಡಲು ಹೊರಟರು. ಮ್ಯಾನೇಜರ್ ಬಲೆಗೆ ಕೈ ಅಡ್ಡ ಇಟ್ಟರು.

"ಇವತ್ತೇ ಖಾಲಿ ಮಾಡಿದ್ರೆ ನಾಳೆಗೇನಮ್ಮ ಹಾಕ್ತೀಯ?"

"ಹುಳ ಉಳಿಸಿದ್ರೆ ಪಾಚಿ ಉಳಿಯಲ್ಲ ಸಾರ್. ಪಾಚಿ ಹೋದ್ರೆ ಎಲ್ಲಾ ಹೋದಂಗೆ. ನಾಕು ದಿನ ಅದನ್ನ ಯಾರೂ ಮುಟ್ಟೋದು ಬೇಡ."

"ತಪ್ಪಾದ್ರೆ?"

"ನನ್ನೇ ಕೆಲಸದಿಂದ ತೆಗೀರಿ."

ಅವರು ಕೈ ತೆಗೆದರು. ಎರಡು ದಿನ ಮರಿಗಳು ಅರೆಹೊಟ್ಟೆಯಲ್ಲಿದ್ದವು, ಪಾಚಕ್ಕನಿಗೆ ಅನ್ನ ಸೇರಲಿಲ್ಲ. ಎಂಟನೆಯ ದಿನ ಮಧ್ಯಾಹ್ನ ಎರಡು ಗಂಟೆ ಹೊತ್ತು ಬಿಸಿಲು ಬಂತು. ಹತ್ತನೆಯ ದಿನ ನೀರು ಮತ್ತೆ ಹಸಿರಾಯಿತು. ತೊಂಬತ್ತೆರಡು ಸಾವಿರ ಮರಿ ಉಳಿದವು. ಬದುಕಿದವುಗಳ ಮಾತೆತ್ತಿದರೆ ಪಾಚಕ್ಕ ಹೇಳುವುದು ಸತ್ತ ಎಂಟು ಸಾವಿರದ ಬಗ್ಗೆ. "ಒಂದು ದಿನ ಮುಂಚೆ ಸೋಸಬೇಕಿತ್ತು. ಹೆದರಿದೆ."

ಬೆಳೆದ ಮರಿಗಳನ್ನು ತುಂಬಿಕೊಂಡು ಇವತ್ತು ಲಾರಿ ದೊಡ್ಡ ಕೆರೆಗೆ ಹೊರಟಿದೆ. ಆ ಕೆರೆಯನ್ನು ಪಾಚಕ್ಕ ಇದುವರೆಗೂ ಕಂಡಿಲ್ಲ. "ಹಿಂದೆ ಅಲ್ಲಿಗೆ ಬಿಟ್ಟ ನಮ್ ಮರಿಗಳು ಎಷ್ಟು ದಪ್ಪ ಆಗಿವೆ ಅಂತ ಒಂದ್ಸಲ ನೋಡ್ಬೇಕು. ಅಷ್ಟೇ ಆಸೆ."

ಡ್ರೈವರ್ ಬಾಗಿಲು ತೆರೆದು ಕರೆಯುತ್ತಾನೆ. "ಬಾರಕ್ಕಾ, ಸೀಟು ಖಾಲಿ ಇದೆ. ಸಂಜೆಯೊಳಗೆ ಬಂದ್ಬಿಡೋಣ."

ಪಾಚಕ್ಕ ಕೈ ಒರೆಸಿಕೊಂಡು ಎರಡು ಹೆಜ್ಜೆ ಇಡುತ್ತಾರೆ. ತಲೆ ಎತ್ತುತ್ತಾರೆ. ಪಶ್ಚಿಮದಲ್ಲಿ ಅಂಗೈಯಗಲದ ಮೋಡ.

"ಇವತ್ತು ಬೇಡ ಕಣಪ್ಪಾ, ನೀನು ಹೊರಡು."