ಹೆಸರು ಬಂದಾಗ ಬರುವ ಕೆಮ್ಮು

ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ನಾನು ಬರೆದ ಎರಡು ಕಾದಂಬರಿಗಳಲ್ಲಿ ಹೆಂಡತಿಯರೆಲ್ಲ ಗಂಡಂದಿರನ್ನು ಹೆಸರು ಹಿಡಿದೇ ಕರೆಯುತ್ತಾರೆ. ಒಬ್ಬಳಂತೂ ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ‘ಪ್ರಭಾಕರಾ’ ಎಂದು ಕೂಗುತ್ತಾಳೆ. ಅದನ್ನು ಬರೆದ ದಿನ ನನಗೆಷ್ಟು ಹೆಮ್ಮೆಯಾಯಿತೆಂದರೆ, ಹಿತ್ತಲಲ್ಲಿದ್ದ ನಮ್ಮ ಮನೆಯವರನ್ನು “ಏನ್ರೀ, ಸ್ವಲ್ಪ ಇಲ್ಲೆ ಬರ್ರಿ” ಎಂದು ಕರೆದು ಓದಿ ತೋರಿಸಿದೆ. ಮದುವೆಯಾಗಿ ಮೂವತ್ತು ವರ್ಷವಾಯಿತು, ನಾನಿನ್ನೂ ‘ಏನ್ರೀ’ ದಾಟಿಲ್ಲ.

ನಮ್ಮ ಇಳಕಲ್ಲಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರನ್ನಂತೂ ಕೇಳಲೇಬೇಡಿ. ಇದು ಹಳೆಯ ಕಾಲದ ಪದ್ಧತಿ, ಬಿಡಬೇಕು ಎಂದು ಹುನಗುಂದದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದವಳೇ ನಾನು. ಹೇಳಿ, ಸಂಜೆಯ ಬಸ್ಸು ಹತ್ತಿ ಮನೆಗೆ ಬಂದು ಅದನ್ನೇ ಪಾಲಿಸಿದವಳೂ ನಾನೇ. ಹೆಸರು ತಪ್ಪಿಸಿ ಮಾತಾಡುವವರ ವಾಕ್ಯ ತಾನಾಗಿ ಉದ್ದವಾಗುತ್ತದೆ. ಎರಡು ಪದಕ್ಕೆ ಮುಗಿಯುವ ಸುದ್ದಿಯನ್ನು ನಾವು “ನಮ್ಮ ದೊಡ್ಡ ಮಗಳ ಅಪ್ಪ ಅದಾರಲ್ಲ, ಅವರು ಊರಿಂದ ಬಂದ್ರು” ಎಂದು ಓಣಿಯೆಲ್ಲ ಸುತ್ತಿಸಿ ತರುತ್ತೇವೆ. ವಿಮರ್ಶಕರೊಬ್ಬರು ನನ್ನ ಶೈಲಿಯಲ್ಲಿ ‘ಸುತ್ತುಬಳಸಿನ ಸೊಗಸು’ ಇದೆ ಎಂದು ಹೊಗಳಿದ್ದರು. ಪಾಪ, ಅದು ಸೊಗಸಲ್ಲ, ಸೊಸೆತನ.

ಹೆಸರಿನ ವಿಷಯದಲ್ಲಿ ಕಾದಂಬರಿಕಾರರು ಸ್ವಲ್ಪ ಅಂಜುಬುರುಕರು. ಕಿವಿಗೆ ಇಂಪಾದದ್ದನ್ನು ಆರಿಸುತ್ತೇವೆ, ನಿಜವಾದದ್ದನ್ನು ಬಿಡುತ್ತೇವೆ. ನನ್ನ ಹಾಜರಿ ಪುಸ್ತಕದಲ್ಲಿದ್ದ ಮೆಣಸಿನಕಾಯಿ ಮತ್ತು ಬೆಲ್ಲದ ಎಂಬ ಅಡ್ಡಹೆಸರಿನ ಹುಡುಗರು ಒಂದೇ ಬೆಂಚಿನಲ್ಲಿ ಕೂಡುತ್ತಿದ್ದರು. ‘ಸಂಗಪ್ಪ’ ಎಂದರೆ ಐದು ತಲೆ ಏಳುತ್ತಿದ್ದವು. ತುಳಸಿಗೇರಿಗೆ ಹರಕೆ ಹೊತ್ತು ಹುಟ್ಟಿದ ಹಣಮಂತರು, ಬನಶಂಕರಿಗೆ ಬೇಡಿಕೊಂಡು ಹುಟ್ಟಿದ ಶಂಕ್ರವ್ವಗಳು ಎಷ್ಟೊಂದು! ಒಂದೊಂದು ಹೆಸರಿನ ಹಿಂದೆಯೂ ಒಬ್ಬ ತಾಯಿಯ ಉಪವಾಸವಿದೆ. ಇಷ್ಟೆಲ್ಲ ಗೊತ್ತಿದ್ದೂ, ನೇಕಾರನೊಬ್ಬನ ಕಥೆ ಬರೆಯಲು ಕೂತ ನಾನು ಅವನಿಗೆ ಆದಿತ್ಯ ಎಂದು ಹೆಸರಿಟ್ಟೆ.

ಈ ಮೂರನೆಯ ಕಾದಂಬರಿಯ ಮೊದಲ ಕೇಳುಗರು ನಮ್ಮ ಅತ್ತೆ ಗಂಗವ್ವ. ವಯಸ್ಸು ಎಂಬತ್ತು ದಾಟಿದೆ. ಓದು ಬಾರದು, ಆದರೆ ಸೀರೆಯನ್ನು ಕೈಯಲ್ಲಿ ಸವರಿ ಯಾವ ಮನೆಯ ಮಗ್ಗದ್ದೆಂದು ಹೇಳಬಲ್ಲರು. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂಡುತ್ತಾರೆ, ನಾನು ಓದುತ್ತೇನೆ. ಆದಿತ್ಯ ಎಂದದ್ದೇ ತಡ, ಅಡಿಕೆ ಕತ್ತರಿಸುತ್ತಿದ್ದ ಕೈ ನಿಂತಿತು.

“ಆದಿತ್ಯ? ಅಂವಾ ಮಗ್ಗದ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಾನಂದ್ರ ನಾ ನಂಬೂದಿಲ್ಲವಾ. ಎಲ್ಲ್ಯೋ ಬ್ಯಾಂಕಿನ್ಯಾಗ ಕುಂತಿರಬೇಕು.”

“ಮತ್ತ ಏನ್ ಹೆಸರ ಇಡ್ಲಿರಿ ಅತ್ತಿ?”

ಅವರು ಅಡಕತ್ತರಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ, “ನಿಮ್ಮ ಮಾವನ್ದ ಇಡು” ಎಂದರು. “ಅವರು ಹೋಗಿ ಹನ್ನೊಂದು ವರ್ಷ ಆತು. ಹೆಸರ ಹಿಡದ ಕರಿಯೂ ಗೆಳ್ಯಾರೂ ಒಬ್ಬೊಬ್ಬರ ಹೋಗಿ ಮುಗದ್ರು. ಈ ಮನ್ಯಾಗ ಆ ಹೆಸರ ಯಾರೂ ಅನ್ನೂದಿಲ್ಲ. ನನಗ ಒಮ್ಮೆ ಕಿವಿಲೆ ಕೇಳಬೇಕಾಗೇತಿ.”

ನನಗೆ ಕಣ್ಣು ತುಂಬಿತು. ಅಂದೇ ಕೂತು ಆದಿತ್ಯನನ್ನು ಎಲ್ಲ ಕಡೆ ಹೊಡೆದು ಹಾಕಿ ಮಾವನ ಹೆಸರು ಬರೆದೆ. ಬರೆಯುವ ಕೈಗೆ ಯಾವ ಅಡ್ಡಿಯೂ ಇರಲಿಲ್ಲ. ಮರುದಿನ ಓದಲು ಕೂತೆ. “ಬೆಳಗಿನ ಬಿಸಿಲು ಮಗ್ಗದ ಮೇಲೆ ಬಿದ್ದಿತ್ತು” ಎಂಬಲ್ಲಿಯವರೆಗೆ ಸರಾಗವಾಗಿ ಬಂದು, ಮುಂದಿನ ಪದಕ್ಕೆ ನನಗೆ ಕೆಮ್ಮು ಬಂತು. ನೀರು ಕುಡಿದು ಮತ್ತೆ ಓದಿದೆ, ಮತ್ತೆ ಕೆಮ್ಮು. ಎರಡು ಕಾದಂಬರಿಗಳ ದಿಟ್ಟ ಲೇಖಕಿಗೆ ಮಾವನ ಹೆಸರು ಗಂಟಲಿನಿಂದ ಮೇಲೆ ಬರಲೊಲ್ಲದು! ಓದುವವಳು ನಾನೇ ಎಂಬುದನ್ನು ಬರೆಯುವಾಗ ಮರೆತೇಬಿಟ್ಟಿದ್ದೆ. ಮನೆಯವರನ್ನು ಕರೆದು ಪುಟ ಕೊಟ್ಟರೆ, “ಅಪ್ಪನ ಹೆಸರ ನಾ ಹೆಂಗ ಹಿಡೀಲಿ?” ಎಂದು ಪೇಪರಿನ ಹಿಂದೆ ಅಡಗಿಕೊಂಡರು. ಅತ್ತೆ ಮಾತ್ರ ಕಿವಿ ಮುಂದೆ ಮಾಡಿ ಕಾಯುತ್ತಲೇ ಇದ್ದರು.

ಗಂಡನ ಹೆಸರು ಹೇಳಲು ನಮ್ಮಲ್ಲಿರುವ ದಾರಿ ಒಂದೇ, ಒಡಪು. ಮದುವೆ, ಬಸುರಿಯರ ಕುಬಸಗಳಲ್ಲಿ ಮುತ್ತೈದೆಯರು ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರನ್ನು ಜಾರಿಸಿಬಿಡುತ್ತಾರೆ. ಒಂದು ಕಾಲಕ್ಕೆ ಗಂಗವ್ವನ ಒಡಪು ಕೇಳಲು ಪಕ್ಕದ ಓಣಿಯವರೂ ಬರುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಯಾರೂ ಅವರನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ನೆನೆದರೆ ಈಗ ನಾಚಿಕೆಯಾಗುತ್ತದೆ.

“ಅತ್ತಿ, ನೀವ ಒಂದು ಒಡಪ ಹಾಕ್ರಿ” ಎಂದೆ.

“ಹುಚ್ಚಿ! ನನ್ನ ಒಡಪಿನ ದಿನ ಮುಗದಾವು.”

“ಪುಸ್ತಕದಾಗ ಅವರು ಇನ್ನೂ ಅದಾರ್ರಿ. ಇಪ್ಪತ್ತೆಂಟ ವರ್ಷದವರು. ಮಗ್ಗದ ಮುಂದ ಕುಂತಾರ.”

ಅತ್ತೆ ನನ್ನನ್ನು ನೋಡಿದರು, ಹಾಳೆಯನ್ನು ನೋಡಿದರು. ಸೆರಗು ಸರಿ ಮಾಡಿಕೊಂಡರು. ಹನ್ನೊಂದು ವರ್ಷ ಬಾಯಿ ಕಟ್ಟಿಕೊಂಡಿದ್ದವರಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

“ಸೀರಿಗೆ ಸೆರಗ ಕೂಡಸ್ತೈತಿ ಸಾವಿರ ಎಳಿ ಕೊಂಡಿ,
ನೀಲಕಂಠಪ್ಪನವರ ಹೆಸರು ನನ್ನ ಬಾಯಾಗ ಸಕ್ಕರಿ ಉಂಡಿ!”

ಹೇಳಿದವರೇ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ನಕ್ಕೆ. ಪೇಪರಿನ ಹಿಂದಿನಿಂದಲೂ ನಗು ಕೇಳಿಸಿತು. ಎಂಬತ್ತರ ಆ ಮುಖ ಕೆಂಪಗಾಗಿದ್ದನ್ನು ವರ್ಣಿಸಲು ನನ್ನ ಉದ್ದದ ವಾಕ್ಯಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ನಗು ನಿಂತ ಮೇಲೆ ಅವರು, “ಹೂಂ, ಓದು ಮುಂದ. ಎಲ್ಲೆ ಬರ್ತೈತಿ ಅಲ್ಲೆ ನೀ ನಿಲ್ಲು, ನಾ ಅಂತೇನಿ” ಎಂದರು. ನಾನು ನಿಂತೆ. “ನೀಲಕಂಠಪ್ಪ” ಎಂದರು. ಒಡಪಿಲ್ಲ, ಪ್ರಾಸವಿಲ್ಲ, ಪಕ್ಕದ ಕೋಣೆಯಲ್ಲಿದ್ದವರನ್ನು ಕರೆದ ಹಾಗೆ.

ಆದರೆ ಆ ಪುಟದಲ್ಲಿ ಹೆಸರು ಇದ್ದದ್ದು ಎರಡೇ ಕಡೆ. ಉಳಿದ ಕಡೆಯೆಲ್ಲ ‘ಅವನು’, ‘ಅವನಿಗೆ’, ‘ಅವನ’. ಹೆಸರನ್ನು ಪದೇ ಪದೇ ಹೇಳಬಾರದು, ಶೈಲಿ ಕೆಡುತ್ತದೆ ಎಂದು ನಾವು ಬರೆಯುವವರು ಕಲಿತಿರುತ್ತೇವೆ. ಅತ್ತೆ ಪ್ರತಿ ವಾಕ್ಯದ ಕೊನೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಈಗಲಾದರೂ ನಿಲ್ಲುತ್ತಾಳೇನೋ ಎಂದು.

ಆ ಸಂಜೆ ಕೆಂಪು ಪೆನ್ನು ಹಿಡಿದು ಕೂತೆ. ‘ಅವನು’ ಇದ್ದಲ್ಲೆಲ್ಲ ನೀಲಕಂಠಪ್ಪ ಎಂದು ಬರೆದೆ. ನೀಲಕಂಠಪ್ಪ ಎದ್ದ, ನೀಲಕಂಠಪ್ಪ ಮುಖ ತೊಳೆದ, ನೀಲಕಂಠಪ್ಪ ಚಹಾ ಕುಡಿದ. ಉದ್ದದ ವಾಕ್ಯಗಳೆಲ್ಲ ಹೆಸರಿಗೊಂದರಂತೆ ಒಡೆದು ಗಿಡ್ಡಾದವು. ವಿಮರ್ಶಕರು ಇದನ್ನು ದೋಷ ಎನ್ನುತ್ತಾರೆ, ಎನ್ನಲಿ. ನಾಳೆ ಮಧ್ಯಾಹ್ನ ಅತ್ತೆಗೆ ಹೇಳಲು ನಲವತ್ತು ಸಲ ಸಿಗುತ್ತದೆ.