ಹೊರಗಿನ ಬೆಂಚು

ಶಾಹೀನ್, ನಿನ್ನ ಕಾಲಿಗೆ ಏನೂ ಆಗಿಲ್ಲ ಎಂದು ಆವತ್ತು ಡಾಕ್ಟರ್ ಹೇಳಿರಲಿಲ್ಲ. ಹಾಗೆ ಹೇಳಿದ್ದು ನಾನು. ಒಳಗೆ ಅವರು ಹೇಳಿದ್ದೇ ಬೇರೆ, ಹೊರಗೆ ಬಂದು ನಿನಗೆ ನಾನು ಹೇಳಿದ್ದೇ ಬೇರೆ — ಇಷ್ಟು ಮಾತು ಬಾಯಿಗೆ ಬರಲು ನನ್ನ ತಲೆ ಪೂರ್ತಿ ಬೆಳ್ಳಗಾಗಬೇಕಾಯಿತು.

ಹೋದ ವಾರ ಬಸವಕಲ್ಯಾಣದಲ್ಲಿ ದೈಹಿಕ ಶಿಕ್ಷಕರ ತರಬೇತಿಗೆ ನೀನೇ ನನ್ನನ್ನು ಕರೆದೆ. ನಿವೃತ್ತಳಾದವಳಿಗೆ ಇನ್ನೆಂಥ ತರಬೇತಿ ಎಂದು ಗೊಣಗಿದರೂ ಬಿಡಲಿಲ್ಲ. ಮೊದಲ ಸಾಲಿನ ನಡುವೆ ಕೂರಿಸಿ ಶಾಲು ಹೊದಿಸಿದೆ. ಆಮೇಲೆ ಕಲಬುರಗಿಯಿಂದ ಬಂದಿದ್ದ ಕ್ರೀಡಾ ವೈದ್ಯೆ ಮಾತಾಡಿದರು. ಓಡುವ ಹುಡುಗಿಗೆ ಮುಟ್ಟು ನಿಂತರೆ ಅದು ಒಳ್ಳೆಯ ತಯಾರಿಯ ಗುರುತಲ್ಲವಂತೆ. ಓಟಕ್ಕೆ ಸಾಲುವಷ್ಟು ಊಟ ಮೈಗೆ ಸಿಗುತ್ತಿಲ್ಲ, ಮೂಳೆ ಒಳಗೊಳಗೇ ಸೊರಗುತ್ತಿದೆ ಎಂದರ್ಥವಂತೆ. ಈಗ ಓಟಗಾರ್ತಿ ಬಂದರೆ ಮೊದಲು ಕೇಳುವುದೇ ಮುಟ್ಟಿನ ವಿಷಯ. ಮತ್ತೆ ಯಾವಾಗ ಓಡಬಹುದು ಎಂಬುದನ್ನೂ ಅವಳನ್ನು ಎದುರು ಕೂರಿಸಿಕೊಂಡೇ ತೀರ್ಮಾನಿಸುತ್ತಾರೆ, ತರಬೇತುದಾರರ ಕಿವಿಗೆ ಹಾಕಿ ಕಳಿಸಿಬಿಡುವುದಿಲ್ಲ. ಅವರು ಹೇಳುತ್ತಿದ್ದ ಹಾಗೆಲ್ಲ ಶಾಲಿನ ಒಳಗೆ ನಾನು ಬೆವರುತ್ತಿದ್ದೆ.

ಆಗ ನೀನು ಎದ್ದು ನಿಂತೆ.

“ನಮ್ಮ ಮೇಡಂ ಅವ್ರು ನನಗ ಹುಮನಾಬಾದದಾಗ ದವಾಖಾನಿಗಿ ಕರ್ಕೊಂಡು ಹೋಗಿದ್ರು. ಅಲ್ಲಿ ಡಾಕ್ಟರ್‌ಗೇ ತಿಳೀಲಿಲ್ಲ, ನರ ಹಿಡದದ ಅಂದ್ರಂತ. ಆವಾಗ ಯಾರಿಗಿ ಗೊತ್ತಿತ್ರಿ ಇದೆಲ್ಲಾ.”

ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಎದ್ದು ಹೋಗೋಣವೆಂದರೆ ಎರಡೂ ಬದಿಗೆ ಕುರ್ಚಿ, ಕುರ್ಚಿಯ ತುಂಬ ಮಂದಿ. ಕೊನೆಗೆ — ನಾಚಿಕೆಗೇಡು, ಆದರೂ ಹೇಳುತ್ತೇನೆ — ನಾನೂ ಚಪ್ಪಾಳೆ ತಟ್ಟಿದೆ.

ಹುಮನಾಬಾದದ ಆ ಡಾಕ್ಟರಮ್ಮನಿಗೆ ಎಲ್ಲ ತಿಳಿದಿತ್ತು, ಶಾಹೀನ್.

ನೀನು ಚಿಟಗುಪ್ಪದಿಂದ ಬೆಳಗಿನ ಬಸ್ಸಿಗೆ ನಮ್ಮ ಶಾಲೆಗೆ ಬರುತ್ತಿದ್ದೆ. ಓಡುವವರು ಹಗುರಾಗಿರಬೇಕೆಂಬುದು ಆಗ ನನ್ನ ದೊಡ್ಡ ಶಾಸ್ತ್ರ. ಮಧ್ಯಾಹ್ನ ನಿಮ್ಮ ಡಬ್ಬಿ ತೆಗೆಸಿ ನೋಡುತ್ತಿದ್ದೆ. ನಿನ್ನ ಅಮ್ಮಿ ತುಪ್ಪ ಸವರಿ ಕಟ್ಟಿದ ರೊಟ್ಟಿಯಲ್ಲಿ ಒಂದನ್ನು ನಾನೇ ಎತ್ತಿ ಬೇರೆ ಹುಡುಗಿಗೆ ಕೊಟ್ಟುಬಿಡುತ್ತಿದ್ದೆ. ಒಂದು ದಿನ ನೀನು ನೆಲ ನೋಡುತ್ತ, “ಮೇಡಂ, ತಿಂಗಳಿಂದು ಬರವಲ್ದ್ರಿ” ಎಂದೆ. “ಚಲೋ ಆತು ಬಿಡು, ಮೈ ಓಟಕ್ಕ ತಯಾರಾಗ್ಯದ” ಎಂದು ನಾನು ಬೆನ್ನು ತಟ್ಟಿದೆ. ಅಷ್ಟರವರೆಗೆ ಅದು ನನ್ನ ಅಜ್ಞಾನ. ಅಲ್ಲಿಗೇ ನಿಂತಿದ್ದರೆ ಇವತ್ತು ನಾನು — ಇರಲಿ, ಅಲ್ಲಿಗೆ ನಿಲ್ಲಲಿಲ್ಲ.

ನಿನ್ನ ಮೊಣಕಾಲ ಕೆಳಗೆ ನೋವು ಶುರುವಾಯಿತು. ದವಾಖಾನೆಯಲ್ಲಿ ಡಾಕ್ಟರಮ್ಮ ಕಾಲು ಒತ್ತಿ ನೋಡಿದ ಮೇಲೆ ನಿನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಲು ಕಳಿಸಿದ್ದೂ ನಾನೇ. ನಮ್ಮಲ್ಲಿ ರೂಢಿಯೇ ಹಾಗೆ; ಹುಡುಗಿಯ ಮೈಯ ಮಾತು ಹಿರಿಯರ ಕಿವಿಗೆ, ಹುಡುಗಿ ಬಾಗಿಲಾಚೆ. ಆ ರೂಢಿ ನನಗೆ ಎಷ್ಟು ಅನುಕೂಲವಾಯಿತು ನೋಡು.

“ಇದು ನರ ಅಲ್ರಿ ಟೀಚರ್,” ಎಂದರು ಅವರು. “ಎಲುಬಿಗಿ ಬಿರುಕು ಬೀಳಾಕತ್ತದ. ಆಕಿಗಿ ಓಡಸಬ್ಯಾಡ್ರಿ, ಹೊಟ್ಟಿ ತುಂಬ ಉಣ್ಣಾಕ ಹೇಳ್ರಿ. ಅವರವ್ವಗ ಇವತ್ತೇ ತಿಳಸ್ರಿ.”

ತಿಳಿಸುತ್ತೇನೆ ಎಂದೆ. ಆ ವಾರವೇ ಬಸವಕಲ್ಯಾಣದಲ್ಲಿ ಜಿಲ್ಲಾ ಕ್ರೀಡಾಕೂಟ. ಅಲ್ಲಿಯವರೆಗೆ ನನ್ನ ಕೈಯಲ್ಲಿ ಕಲಿತ ಒಬ್ಬ ಹುಡುಗಿಯೂ ಜಿಲ್ಲೆ ದಾಟಿ ಹೋಗಿರಲಿಲ್ಲ. ಪರದೆ ಸರಿಸಿ ಹೊರಗೆ ಬಂದಾಗ ನೀನು ಬೆಂಚಿನಿಂದ ಎದ್ದು ನಿಂತೆ.

“ಏನಂದ್ರು ಮೇಡಂ?”

“ಏನಿಲ್ಲ. ನರ ಹಿಡದದ. ಎಣ್ಣಿ ತಿಕ್ಕೋ, ಹೋಗ್ತದ.”

ನೀನು ನಕ್ಕುಬಿಟ್ಟೆ. ಅಷ್ಟು ಹೊತ್ತು ಹೆದರಿ ಕೂತಿದ್ದೆ ಎಂದು ಆ ನಗು ನೋಡಿದ ಮೇಲೆಯೇ ನನಗೆ ತಿಳಿದದ್ದು. ಆಗಲಾದರೂ — ಇಲ್ಲ, ಆಗಲೂ ಬಾಯಿ ಬಿಡಲಿಲ್ಲ.

ಕೂಟದ ಓಟದಲ್ಲಿ ಕೊನೆಯ ತಿರುವಿನವರೆಗೂ ನೀನು ಎಲ್ಲರಿಗಿಂತ ಮುಂದಿದ್ದೆ, ಬಿದ್ದೆ, ಮತ್ತೆ ಏಳಲಿಲ್ಲ. ಕಾಲಿನ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ನಿನ್ನ ಅಮ್ಮಿ ನನ್ನ ಕೈ ಹಿಡಿದುಕೊಂಡು, “ನೀವ್ ಭಾಳ ಮಾಡೀರಿ ಮೇಡಂ. ಆಕಿ ನಸೀಬ್ ಇಷ್ಟೇ ಇತ್ತು” ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನನ್ನ ತಪ್ಪು ನಿನ್ನ ನಸೀಬಾಗಲು ಅಷ್ಟು ಸಾಕಾಯಿತು.

ಆಮೇಲೆ ಬಜಾರಿನಲ್ಲಿ ಆ ಡಾಕ್ಟರಮ್ಮ ಎದುರಾದರೆ ಬಳೆ ಅಂಗಡಿಗೆ ನುಗ್ಗುತ್ತಿದ್ದೆ. ಬೇಡದ ಬಳೆ ಎಷ್ಟೋ ಕೊಂಡಿದ್ದೇನೆ. ಅವರು ಊರು ಬಿಟ್ಟು ಹೋದ ದಿನ ಇನ್ನು ಬಚಾವಾದೆ ಎಂದುಕೊಂಡೆ. ಎಲ್ಲಿಯ ಬಚಾವು? ನೀನೂ ನನ್ನ ಹಾಗೆ ದೈಹಿಕ ಶಿಕ್ಷಕಿಯಾದೆ, ಪ್ರತಿ ಹಬ್ಬಕ್ಕೆ ಶೀರ್ ಖುರ್ಮಾ ತಂದೆ, ಹೋದಲ್ಲೆಲ್ಲ ನನ್ನ ಹೆಸರು ಹೇಳಿದೆ. ನಿನ್ನ ಒಂದೊಂದು ಒಳ್ಳೆಯ ಮಾತಿಗೂ ನನ್ನ ಬಾಯಿ ಇನ್ನಷ್ಟು ಬಿಗಿಯುತ್ತ ಹೋಯಿತು. ಮೆಟ್ಟಿಲು ಇಳಿಯುವಾಗ ನೀನು ಈಗಲೂ ಗೋಡೆ ಹಿಡಿಯುತ್ತೀ. ನಾನು ಬೇರೆ ಕಡೆ ನೋಡುತ್ತೇನೆ.

ತರಬೇತಿ ಮುಗಿದ ಮೇಲೆ ಹಾಗೆಯೇ ಗೋಡೆ ಹಿಡಿದು ಇಳಿಯುತ್ತ ನೀನು ಹೇಳಿದೆ: “ನನ್ನ ಸಾಲಿ ಹುಡುಗಿ ಸುನೀತಾಗ ಕಾಲು ನೋಯಾಕತ್ತದ್ರಿ. ಸೋಮವಾರ ಹುಮನಾಬಾದಕ್ಕ ತೋರಸಾಕ ಒಯ್ಯಾಕತ್ತೀನಿ. ನೀವೂ ಬರ್ರಿ ಮೇಡಂ. ಆಕಿ ಸಣ್ಣಾಕಿ, ಅಂಜತಾಳ. ನಾ ಆಕಿ ಜೋಡಿ ಹೊರಗ ಕೂಡ್ತೀನಿ, ನೀವು ಒಳಗ ಹೋಗಿ ಕೇಳಕೊಂಡು ಬರ್ರಿ.”

ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ನಿನಗೆ ನೆನಪಾದ ದಾರಿ ನಾನು ಕಲಿಸಿದ್ದೇ. ನನ್ನ ಮೇಲಿನ ನಂಬಿಕೆಯಿಂದ ಇನ್ನೊಬ್ಬ ಹುಡುಗಿ ಆ ಬೆಂಚಿನ ಮೇಲೆ ಕೂರಲಿದ್ದಾಳೆ. ಹ್ಞೂಂ ಎಂದು ಬಂದೆ.

ಸೋಮವಾರ ಬರುತ್ತೇನೆ. ಬಸ್ಸಿಳಿದ ಕೂಡಲೇ ನಿನ್ನನ್ನು ಪಕ್ಕಕ್ಕೆ ಕರೆದು, ಮನಸ್ಸಿನಲ್ಲೇ ಹೇಳಿಕೊಂಡ ಇದಿಷ್ಟನ್ನೂ ಹೇಳುತ್ತೇನೆ. ಅದಾದ ಮೇಲೆ ನೀನು ನನ್ನ ಮುಖ ನೋಡದೆ ಹೋದರೆ ಅದು ಸರಿಯೇ. ಆ ಹುಡುಗಿಯನ್ನು, ಅವಳ ಅವ್ವನನ್ನು ಕರೆದುಕೊಂಡು ನೀನು ಒಳಗೆ ಹೋಗು. ಡಾಕ್ಟರ್ ಹೇಳುವುದು ಅವಳ ಕಿವಿಗೇ ಬೀಳಲಿ. ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬಂದು ನನಗೆ ಏನೂ ಹೇಳಬೇಕಾಗಿಲ್ಲ.